ಮುಖದ ನರ ಸೋತಾಗ ಕಣ್ಣಿನ ಕಾವಲು

(ನಮ್ಮ ಕನ್ನಡ ಕಾರ್ಯಕ್ರಮದ ಆರೋಗ್ಯ ಭಾಷಣಮಾಲೆಯಲ್ಲಿ ನೇತ್ರವೈದ್ಯರೊಬ್ಬರು ಆಡಿದ ಮಾತುಗಳ ಪಠ್ಯ)



ಯಾರಾದರೂ ಯಾರನ್ನಾದರೂ ತುಂಬ ಜತನದಿಂದ ನೋಡಿಕೊಂಡರೆ, “ಕಣ್ಣನ್ನು ರೆಪ್ಪೆ ಕಾಯುವ ಹಾಗೆ ಕಾಯ್ದರು” ಎಂದು ನಾವು ಹೇಳುತ್ತೇವೆ. ಈ ಮಾತು ಬರೀ ಅಲಂಕಾರವಲ್ಲ. ಎಚ್ಚರವಿರುವಷ್ಟು ಹೊತ್ತು ನಮ್ಮ ರೆಪ್ಪೆ ನಿಮಿಷಕ್ಕೆ ಸುಮಾರು 15ರಿಂದ 20 ಸಲ ಮುಚ್ಚಿ ತೆರೆಯುತ್ತದೆ. ಧೂಳು ಬಂದರೆ ತಡೆಯುತ್ತದೆ, ಕಣ್ಣೀರನ್ನು ತೆಳ್ಳಗೆ ಸವರುತ್ತದೆ, ರಾತ್ರಿ ಬಾಗಿಲು ಹಾಕಿಕೊಂಡು ಕಾವಲು ಕೂರುತ್ತದೆ. ಈ ಕೆಲಸ ನಡೆಯುತ್ತಿದೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ಒಂದು ಬೆಳಿಗ್ಗೆ ಆ ರೆಪ್ಪೆ ಮುಚ್ಚದೇ ಹೋದರೆ? ಆಗ ಕಣ್ಣನ್ನು ಕಾಯುವವರು ಯಾರು? ಇವತ್ತು ನಾನು ಮಾತಾಡಬೇಕೆಂದಿರುವುದು ಇದರ ಬಗ್ಗೆ.

ಮುಖದ ಒಂದು ಪಕ್ಕದ ಶಕ್ತಿ ಹೋಗುವ ತೊಂದರೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಊರಿನಲ್ಲಿ “ಬಾಯಿ ಸೊಟ್ಟಗಾಯಿತು” ಎನ್ನುತ್ತಾರೆ, “ಮುಖಕ್ಕೆ ವಾಯು ಹೊಡೆಯಿತು” ಎನ್ನುತ್ತಾರೆ. ಇಲ್ಲಿ ನಮ್ಮ ನೆರೆಹೊರೆಯ ಹಿಂದಿ, ಮರಾಠಿಯವರು ಲಕ್ವಾ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ. ಮುಖ ತೊಳೆದರೆ ಸೋಪು ಒಂದೇ ಕಣ್ಣಿಗೆ ಹೋಗಿ ಉರಿಯುತ್ತದೆ. ಕನ್ನಡಿ ನೋಡಿದರೆ ನಗು ಒಂದು ಕಡೆಗೆ ಎಳೆದಿರುತ್ತದೆ. ಮನೆಯವರೆಲ್ಲ ಗಾಬರಿಯಾಗುತ್ತಾರೆ.

ಗಾಬರಿಯಾಗುವುದು ಸಹಜ. ಮೊದಲು ಮಾಡಬೇಕಾದ ಕೆಲಸವೆಂದರೆ ಅದೇ ದಿನ ವೈದ್ಯರ ಬಳಿ ಹೋಗುವುದು. ಇದು ಮಿದುಳಿನ ಪಾರ್ಶ್ವವಾಯುವೋ ಅಥವಾ ಮುಖದ ನರ ಮಾತ್ರ ಸೋತಿದೆಯೋ ಎಂಬುದನ್ನು ಅವರು ತೀರ್ಮಾನಿಸಬೇಕು. ಮುಖದ ನರವೇ ಸೋತಿದ್ದರೆ ಸಾಮಾನ್ಯವಾಗಿ ಆ ಪಕ್ಕದ ಹಣೆಯಲ್ಲೂ ಗೆರೆ ಮೂಡುವುದಿಲ್ಲ, ಹುಬ್ಬು ಮೇಲೇಳುವುದಿಲ್ಲ. ಮಿದುಳಿನ ತೊಂದರೆಯಾದರೆ ಹಣೆ ಬಹುಮಟ್ಟಿಗೆ ಸರಿಯಾಗಿಯೇ ಇದ್ದು ಬಾಯಿ ಮಾತ್ರ ವಾಲಿರುತ್ತದೆ. ಆದರೆ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ಸಮಾಧಾನ ಪಟ್ಟುಕೊಂಡು ಕೂರಬೇಡಿ. ಮುಖದ ಜೊತೆಗೆ ಕೈಯೋ ಕಾಲೋ ಸೋತಿದ್ದರೆ, ಮಾತು ತೊದಲುತ್ತಿದ್ದರೆ, ಎರಡೆರಡು ಕಾಣುತ್ತಿದ್ದರೆ, ವಿಪರೀತ ತಲೆನೋವಿದ್ದರೆ ಒಂದು ನಿಮಿಷವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ.

ಮುಖದ ನರ ಮಾತ್ರ ಇದ್ದಕ್ಕಿದ್ದಂತೆ ಸೋತು, ಬೇರೆ ಕಾರಣ ಕಾಣದಿದ್ದಾಗ ಅದಕ್ಕೆ ಬೆಲ್ಸ್ ಪಾಲ್ಸಿ ಎಂದು ಹೆಸರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಅವರು 1821ರಲ್ಲಿ ಮುಖದ ನರಗಳ ಬಗ್ಗೆ ಬರೆದರು. ಅವರ ಹೆಸರೇ ಈ ಕಾಯಿಲೆಗೆ ನಿಂತಿತು. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 15ರಿಂದ 30 ಮಂದಿಗೆ ಇದು ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ತುಂಬು ಗರ್ಭಿಣಿಯರಿಗೆ ಸ್ವಲ್ಪ ಹೆಚ್ಚು. ಕಿವಿಯ ಹಿಂದೆ ಮೂಳೆಯ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಹಾದುಬರುವ ನರ ಊದಿಕೊಂಡು, ಅಲ್ಲಿ ಜಾಗವಿಲ್ಲದೆ ಹಿಸುಕಿದಂತಾಗುತ್ತದೆ. ಊತಕ್ಕೆ ವೈರಾಣು ಕಾರಣವಿರಬಹುದೆಂದು ನಂಬಲಾಗಿದೆ.

ಇದರಲ್ಲಿ ಸಮಾಧಾನದ ಸಂಗತಿಯೊಂದಿದೆ. ಬೆಲ್ಸ್ ಪಾಲ್ಸಿ ಬಂದವರಲ್ಲಿ ಬಹಳಷ್ಟು ಜನರ ಮುಖ ಮತ್ತೆ ಮೊದಲಿನಂತಾಗುತ್ತದೆ. ಮೊದಲ 72 ಗಂಟೆಗಳ ಒಳಗೆ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರೆ ಇನ್ನೂ ಒಳ್ಳೆಯದು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರೆಡ್ನಿಸೊಲೋನ್ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 94 ಮಂದಿ ಒಂಬತ್ತು ತಿಂಗಳೊಳಗೆ ಪೂರ್ತಿ ಗುಣವಾಗಿದ್ದರು. ತೆಗೆದುಕೊಳ್ಳದವರಲ್ಲಿ ಈ ಸಂಖ್ಯೆ 82. ಆದ್ದರಿಂದ “ನಾಲ್ಕು ದಿನ ನೋಡೋಣ” ಎಂದು ಕಾಯಬಾರದು. ಸಕ್ಕರೆ ಕಾಯಿಲೆಯವರು ಈ ಮಾತ್ರೆ ನುಂಗುವಾಗ ಸಕ್ಕರೆ ಏರುತ್ತದೆ, ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಹಾಗಾದರೆ ಕಣ್ಣಿನ ವೈದ್ಯನಾದ ನಾನು ಇಲ್ಲಿ ಬಂದು ಮಾತಾಡುವುದೇಕೆ? ಮುಖ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬಲ್ಲದು. ಕಣ್ಣು ಅಷ್ಟು ದಿನ ಕಾಯಲಾರದು. ಮನೆಯವರ ದೃಷ್ಟಿಯೆಲ್ಲ ಸೊಟ್ಟಗಾದ ಬಾಯಿಯ ಮೇಲಿರುತ್ತದೆ. ಮದುವೆಗೆ ಹೋಗುವುದು ಹೇಗೆ, ಆಫೀಸಿನಲ್ಲಿ ಏನನ್ನುತ್ತಾರೆ ಎಂಬ ಚಿಂತೆ. ಅಷ್ಟರಲ್ಲಿ ಮುಚ್ಚದ ಕಣ್ಣು ಸದ್ದಿಲ್ಲದೆ ಒಣಗುತ್ತಿರುತ್ತದೆ. ಮೂರು ತಿಂಗಳಲ್ಲಿ ಬಾಯಿ ಸರಿಹೋಗಿ, ಕಣ್ಣಿಗೆ ಮಾತ್ರ ಹೂ ಬಿದ್ದು ಉಳಿದರೆ ಆ ನಷ್ಟ ಯಾವ ಮಾತ್ರೆಯಿಂದಲೂ ಹಿಂದಕ್ಕೆ ಬರುವುದಿಲ್ಲ. ಅದನ್ನು ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಕಣ್ಣು ಏಕೆ ಮುಚ್ಚುವುದಿಲ್ಲ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ರೆಪ್ಪೆಯನ್ನು ಮೇಲೆತ್ತುವ ಸ್ನಾಯು ಬೇರೆ, ಮುಚ್ಚುವ ಸ್ನಾಯು ಬೇರೆ. ಎತ್ತುವ ಸ್ನಾಯುವಿಗೆ ಬೇರೊಂದು ನರ ಬರುತ್ತದೆ, ಅದಕ್ಕೇನೂ ಆಗಿರುವುದಿಲ್ಲ. ಮುಚ್ಚುವ ಸ್ನಾಯುವಿಗೆ ಬರುವುದು ಈ ಸೋತುಹೋದ ಮುಖದ ನರ. ಹೀಗಾಗಿ ಕಣ್ಣು ತೆರೆಯುವ ಕೆಲಸ ಮಾತ್ರ ನಡೆಯುತ್ತದೆ, ಮುಚ್ಚುವ ಕೆಲಸ ನಿಲ್ಲುತ್ತದೆ. ಕಣ್ಣು ಮುಚ್ಚದ ಈ ಸ್ಥಿತಿಗೆ ವೈದ್ಯರು ಲ್ಯಾಗಾಫ್ತಾಲ್ಮಾಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಲಾಗೋಸ್ ಎಂದರೆ ಮೊಲ. ಮೊಲ ಕಣ್ಣು ತೆರೆದೇ ಮಲಗುತ್ತದೆಂದು ಹಿಂದಿನವರು ನಂಬಿದ್ದರು.

ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರವಿದೆ. ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿ ರಕ್ತನಾಳಗಳಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಕಣ್ಣೀರಿನಲ್ಲಿ ಕರಗಿ ಅದಕ್ಕೆ ಸೇರಬೇಕು. ಕಣ್ಣೀರಿನ ಪದರ ಒಣಗಿದರೆ ಅದರ ಮೇಲ್ಮೈ ಸಿಪ್ಪೆಯಂತೆ ಏಳುತ್ತದೆ, ಗಾಯವಾಗುತ್ತದೆ. ಗಾಯದಲ್ಲಿ ಸೋಂಕು ಸೇರಿದರೆ ಹುಣ್ಣಾಗುತ್ತದೆ. ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿಯುತ್ತದೆ. ನಮ್ಮ ಹಿರಿಯರು ಕಣ್ಣಿಗೆ ಹೂ ಬಿತ್ತು ಎನ್ನುತ್ತಿದ್ದದ್ದು ಇದನ್ನೇ.

ಅನೇಕ ರೋಗಿಗಳು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: “ಡಾಕ್ಟರೇ, ನನ್ನ ಕಣ್ಣು ಒಣಗುವುದೆಲ್ಲಿ ಬಂತು? ಇಡೀ ದಿನ ನೀರು ಸುರಿಯುತ್ತಿದೆಯಲ್ಲ?” ಬಹಳ ಜನ ಮೋಸ ಹೋಗುವುದು ಇಲ್ಲಿಯೇ. ಮುಖದ ನರ ಸೋತಾಗ ಕೆಳರೆಪ್ಪೆಯೂ ಸಡಿಲವಾಗಿ ಜೋತುಬೀಳುತ್ತದೆ. ಕಣ್ಣೀರು ಮೂಗಿನ ಕಡೆಗೆ ಇಳಿದುಹೋಗುವ ಸಣ್ಣ ರಂಧ್ರ ಕಣ್ಣಿನಿಂದ ದೂರ ಸರಿಯುತ್ತದೆ. ರೆಪ್ಪೆ ಮಿಟುಕದೆ ನೀರು ಮುಂದಕ್ಕೆ ಸಾಗುವುದಿಲ್ಲ, ಕೆನ್ನೆಯ ಮೇಲೆ ಹರಿಯುತ್ತದೆ. ಕಣ್ಣಿನ ಮೇಲ್ಭಾಗ ಒಣಗಿದ್ದರೂ ಕೆನ್ನೆ ಒದ್ದೆಯಾಗಿರುತ್ತದೆ. ನೀರು ಸುರಿಯುತ್ತಿದೆ ಎಂದು ಹನಿ ಹಾಕುವುದನ್ನು ಬಿಡಬೇಡಿ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ನಿದ್ದೆ ಮಾಡುವಾಗ ಮುಚ್ಚುವ ಹಾಗೆ, ಬಲ ಹಾಕದೆ, ಮೆಲ್ಲಗೆ ಎರಡೂ ಕಣ್ಣು ಮುಚ್ಚಿ. ಮನೆಯವರೊಬ್ಬರು ಕೆಳಗಿನಿಂದ ನೋಡಲಿ. ಸಂದಿ ಇದೆಯೇ? ಇದ್ದರೆ ಅದರಲ್ಲಿ ಬಿಳಿ ಭಾಗ ಕಾಣುತ್ತದೆಯೋ, ಕಪ್ಪು ಭಾಗ ಕಾಣುತ್ತದೆಯೋ? ಕಣ್ಣು ಮುಚ್ಚುವಾಗ ಕಣ್ಣುಗುಡ್ಡೆ ಮೇಲಕ್ಕೆ ಹೊರಳುವುದು ಹೆಚ್ಚಿನವರಲ್ಲಿ ಇರುವ ಒಂದು ರಕ್ಷಣೆ. ಇದನ್ನೂ ವಿವರಿಸಿದವರು ಚಾರ್ಲ್ಸ್ ಬೆಲ್ ಅವರೇ. ಕಪ್ಪು ಭಾಗ ಮೇಲೆ ಹೋಗಿ ರೆಪ್ಪೆಯ ಅಡಿಯಲ್ಲಿ ಅಡಗಿಕೊಂಡರೆ ಅಪಾಯ ಸ್ವಲ್ಪ ಕಡಿಮೆ. ಕೆಲವರಲ್ಲಿ ಹೀಗೆ ಹೊರಳುವುದಿಲ್ಲ. ಕಣ್ಣು ಮುಚ್ಚಿದಾಗಲೂ ಕಪ್ಪು ಭಾಗ ಕಾಣುತ್ತಿದ್ದರೆ ಆ ದಿನವೇ ಕಣ್ಣಿನ ವೈದ್ಯರನ್ನು ನೋಡಬೇಕು. ರಾತ್ರಿ ನಿದ್ದೆ ಹತ್ತಿದ ಮೇಲೂ ಮನೆಯವರು ಒಮ್ಮೆ ಹೀಗೆ ನೋಡುವುದು ಒಳ್ಳೆಯದು. ಎಚ್ಚರದಲ್ಲಿ ಮುಚ್ಚಿದಂತೆ ಕಂಡ ಕಣ್ಣು ನಿದ್ದೆಯಲ್ಲಿ ತೆರೆದಿರಬಹುದು.

ಇನ್ನು ಹಗಲಿನ ಆರೈಕೆಗೆ ಬರೋಣ. ಮೊದಲನೆಯದು ಕೃತಕ ಕಣ್ಣೀರಿನ ಹನಿ. ಶುರುವಿನ ದಿನಗಳಲ್ಲಿ ಎಚ್ಚರವಿರುವಾಗ ಗಂಟೆಗೊಮ್ಮೆ, ಇಲ್ಲವೇ ಎರಡು ಗಂಟೆಗೊಮ್ಮೆ ಹಾಕಬೇಕಾಗುತ್ತದೆ. ಎಷ್ಟು ಸಲ ಎಂಬುದನ್ನು ನಿಮ್ಮ ವೈದ್ಯರು ಹೇಳುತ್ತಾರೆ. ಇಷ್ಟು ಸಲ ಹಾಕುವಾಗ ಸಂರಕ್ಷಕ ರಾಸಾಯನಿಕ ಸೇರಿಸದ ಹನಿಯನ್ನು ಕೇಳಿ ತೆಗೆದುಕೊಳ್ಳಿ. ಬಾಟಲಿ ಕೆಡದಿರಲೆಂದು ಹಾಕುವ ಕೆಲವು ರಾಸಾಯನಿಕಗಳು ಪದೇ ಪದೇ ಬಿದ್ದರೆ ಕಾರ್ನಿಯಾಕ್ಕೆ ಒಳ್ಳೆಯದಲ್ಲ. ಬೆಲೆ ಸ್ವಲ್ಪ ಹೆಚ್ಚು, ಆದರೆ ಕೆಲವು ವಾರಗಳ ಮಾತು. ಒಂದೇ ಸಲಕ್ಕೆಂದು ಬರುವ ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಉಳಿಸಿ ಮಾರನೆಯ ದಿನಕ್ಕೆ ಇಡಬೇಡಿ.

ಹನಿ ಹಾಕುವುದಕ್ಕೂ ಒಂದು ಕ್ರಮವಿದೆ. ಕೈ ತೊಳೆದುಕೊಳ್ಳಿ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಅಲ್ಲಾಗುವ ಸಣ್ಣ ಜೋಳಿಗೆಯಲ್ಲಿ ಒಂದೇ ಹನಿ ಬಿಡಿ. ಬಾಟಲಿಯ ಮೂತಿ ಕಣ್ಣಿಗೂ ರೆಪ್ಪೆಗೂ ತಾಗಬಾರದು. ಎರಡು ಬೇರೆ ಬೇರೆ ಔಷಧಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಸುರಿದ ನೀರನ್ನು ಒರೆಸುವಾಗ ಕೆಳಕ್ಕೆ ಎಳೆದು ಒರೆಸಬೇಡಿ, ಸಡಿಲವಾದ ಕೆಳರೆಪ್ಪೆ ಇನ್ನಷ್ಟು ಜೋತುಬೀಳುತ್ತದೆ. ಶುಭ್ರವಾದ ಬಟ್ಟೆಯಿಂದ ಮೇಲ್ಮುಖವಾಗಿ, ಹೊರಗಿನ ಮೂಲೆಯ ಕಡೆಗೆ ಒತ್ತಿ ತೆಗೆಯಿರಿ. ಸೀರೆಯ ಸೆರಗು, ಜೇಬಿನಲ್ಲಿ ಮುದುಡಿದ ಕರ್ಚೀಫು ಬೇಡ.

ಎರಡನೆಯದು, ಕೈಯಿಂದ ರೆಪ್ಪೆ ಮಿಟುಕಿಸುವುದು. ರೆಪ್ಪೆ ಮಾಡದ ಕೆಲಸವನ್ನು ಬೆರಳು ಮಾಡಬೇಕು. ಮೊದಲು ನೆಲದ ಕಡೆ ನೋಡಿ. ಕೆಳಗೆ ನೋಡಿದಾಗ ಮೇಲ್ರೆಪ್ಪೆ ತಾನಾಗಿ ಅರ್ಧ ಇಳಿಯುತ್ತದೆ. ಆಮೇಲೆ ಬೆರಳಿನ ಹಿಂಭಾಗವನ್ನು ರೆಪ್ಪೆಯ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಇಳಿಸಿ, ಒಂದೆರಡು ಕ್ಷಣ ಹಿಡಿದು ಬಿಡಿ. ಬೆರಳಿನ ತುದಿ ಬೇಡ, ಉಗುರು ತಾಗೀತು. ಗುಡ್ಡೆಯನ್ನು ಒತ್ತಬೇಡಿ, ರೆಪ್ಪೆಯನ್ನು ಮಾತ್ರ ಸರಿಸಿ. ಕಣ್ಣು ಒಣಗಿದಂತೆ ಅನ್ನಿಸಿದಾಗಲೆಲ್ಲ, ಓದುವಾಗ, ಟಿವಿ ನೋಡುವಾಗ ಹೀಗೆ ಮಾಡಿ.

ಮೂರನೆಯದು, ಗಾಳಿ. “ರೈಲಿನ ಕಿಟಕಿಯ ಗಾಳಿ ಬಡಿದು ಮುಖ ಹೀಗಾಯಿತು” ಎಂದು ಬಹಳ ಜನ ಹೇಳುತ್ತಾರೆ. ಗಾಳಿಯಿಂದ ಈ ಕಾಯಿಲೆ ಬರುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಕಾಯಿಲೆ ಬಂದ ಮೇಲೆ ಗಾಳಿ ನಿಜವಾಗಿಯೂ ಶತ್ರು. ನಮ್ಮ ನಗರಗಳ ದಿನಚರಿಯನ್ನು ನೋಡಿ. ಲೋಕಲ್ ಟ್ರೈನಿನ ಬಾಗಿಲಲ್ಲಿ ನಿಂತರೆ ಗಾಳಿ, ಆಟೋದಲ್ಲಿ ಧೂಳು, ಬೈಕಿನಲ್ಲಿ ಎರಡೂ. ಆಫೀಸಿಗೆ ಹೋದರೆ ತಲೆಯ ಮೇಲೆ ಎಸಿ, ಮನೆಗೆ ಬಂದರೆ ಸೀಲಿಂಗ್ ಫ್ಯಾನು. ಮುಚ್ಚದ ಕಣ್ಣಿಗೆ ಇವೆಲ್ಲ ಬಿಸಿಲಿನಲ್ಲಿ ಒಗೆದ ಬಟ್ಟೆ ಒಣಹಾಕಿದಂತೆ. ಹೊರಗೆ ಹೋಗುವಾಗ ಪಕ್ಕಗಳೂ ಮುಚ್ಚುವಂಥ ಕನ್ನಡಕ ಹಾಕಿಕೊಳ್ಳಿ, ಪವರ್ ಇಲ್ಲದಿದ್ದರೂ ಪರವಾಗಿಲ್ಲ. ಟ್ರೈನಿನಲ್ಲಿ ಕಿಟಕಿ, ಬಾಗಿಲು ಬಿಟ್ಟು ಒಳಗೆ ಕೂರಿ. ಆಫೀಸಿನಲ್ಲಿ ಎಸಿ ಗಾಳಿ ನೇರ ಬೀಳುವ ಜಾಗದಿಂದ ಕುರ್ಚಿ ಸರಿಸಿಕೊಳ್ಳಿ, ಸಂಕೋಚ ಬೇಡ. ಕಂಪ್ಯೂಟರಿನ ಪರದೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ, ಆಗ ಕಣ್ಣು ಕಡಿಮೆ ತೆರೆದಿರುತ್ತದೆ. ಪರದೆ ನೋಡುವಾಗ ಒಳ್ಳೆಯ ಕಣ್ಣೇ ಮಿಟುಕುವುದನ್ನು ಮರೆಯುತ್ತದೆ, ಸೋತ ಕಣ್ಣಿನ ಗತಿ ಹೇಳಬೇಕೇ? ಆ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಲೇಬೇಡಿ.

ಸ್ನಾನದ ವಿಷಯವನ್ನೂ ಹೇಳಬೇಕು. ಎಣ್ಣೆನೀರಿನ ಸ್ನಾನ ನಮ್ಮವರಿಗೆ ಪ್ರೀತಿ. ಆದರೆ ಸೀಗೆಪುಡಿಯ ಒಂದು ಕಣ ಮುಚ್ಚದ ಕಣ್ಣಿಗೆ ಬಿದ್ದರೆ ಗೀರು ಹಾಕಿಬಿಡುತ್ತದೆ. ಗುಣವಾಗುವ ತನಕ ತಲೆ ಹಿಂದಕ್ಕೆ ಬಾಗಿಸಿ, ಬೇರೆಯವರ ಸಹಾಯದಿಂದ ತಲೆ ತೊಳೆಸಿಕೊಳ್ಳಿ, ಅಥವಾ ಈಜುವಾಗ ಹಾಕುವ ಕನ್ನಡಕ ಹಾಕಿಕೊಳ್ಳಿ. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವಾಗ, ಮೆಣಸಿನಪುಡಿ ಕೈಯಲ್ಲಿರುವಾಗ ಕನ್ನಡಕವಿರಲಿ. ಹೋಳಿಯ ಬಣ್ಣ, ದೀಪಾವಳಿಯ ಪಟಾಕಿಯಿಂದ ಆ ವರ್ಷ ದೂರವಿರಿ.

ಈಗ ರಾತ್ರಿ. ಹಗಲೆಲ್ಲ ಜೋಪಾನ ಮಾಡಿ ರಾತ್ರಿ ಬಿಟ್ಟುಬಿಟ್ಟರೆ ಪ್ರಯೋಜನವಿಲ್ಲ. ಆರೇಳು ಗಂಟೆ ಫ್ಯಾನಿನ ಕೆಳಗೆ ಒಂದು ಕಣ್ಣು ತೆರೆದು ಮಲಗಿದರೆ ಏನಾದೀತೆಂದು ಯೋಚಿಸಿ. ಮಲಗುವ ಮುನ್ನ ವೈದ್ಯರು ಹೇಳಿದ ಕಣ್ಣಿನ ಮುಲಾಮನ್ನು ಕೆಳರೆಪ್ಪೆಯ ಒಳಗೆ ಒಂದು ಅಕ್ಕಿಕಾಳಿನ ಉದ್ದಕ್ಕೆ ಹಾಕಬೇಕು. ಹನಿಗಿಂತ ಮುಲಾಮು ಹೆಚ್ಚು ಹೊತ್ತು ನಿಲ್ಲುತ್ತದೆ. ಅದು ಹಾಕಿದ ಮೇಲೆ ದೃಷ್ಟಿ ಮಂಜಾಗುವುದರಿಂದ ರಾತ್ರಿಗೆ ಸರಿ. ಹಗಲಲ್ಲಿ ಹಾಕಿದ್ದರೆ ಗಾಡಿ ಓಡಿಸಬೇಡಿ. ತಲೆದಿಂಬು ಸ್ವಲ್ಪ ಎತ್ತರವಿರಲಿ. ಫ್ಯಾನಿನ ಗಾಳಿ ಮುಖಕ್ಕೆ ನೇರ ಬೀಳದ ಹಾಗೆ ಹಾಸಿಗೆ ತಿರುಗಿಸಿಕೊಳ್ಳಿ.

ಮುಲಾಮಿನ ನಂತರ ಟೇಪು. ಔಷಧಿ ಅಂಗಡಿಯಲ್ಲಿ ಮೈಕ್ರೋಪೋರ್ ಎಂಬ ಕಾಗದದಂಥ ಟೇಪು ಸಿಗುತ್ತದೆ. ರೆಪ್ಪೆಯ ಹೊರಗಿನ ಚರ್ಮದ ಮೇಲಿರುವ ಜಿಡ್ಡನ್ನು ಒರೆಸಿ, ಇಲ್ಲದಿದ್ದರೆ ಟೇಪು ಹಿಡಿಯುವುದಿಲ್ಲ. ಕೆಳಗೆ ನೋಡಿ, ಬೆರಳಿನ ಹಿಂಭಾಗದಿಂದ ರೆಪ್ಪೆಯನ್ನು ಪೂರ್ತಿ ಮುಚ್ಚಿ. ಟೇಪಿನ ಒಂದು ತುದಿಯನ್ನು ಮೇಲ್ರೆಪ್ಪೆಯ ಮೇಲೆ ಅಂಟಿಸಿ, ಓರೆಯಾಗಿ ಹೊರಗೆ ಎಳೆದು ಕೆನ್ನೆಯ ಮೂಳೆಯ ಮೇಲೆ ಇನ್ನೊಂದು ತುದಿ ಅಂಟಿಸಿ. ಸಂದಿ ಉಳಿಯಬಾರದು, ಟೇಪಿನ ಅಂಚು ಕಣ್ಣಿನೊಳಗೆ ತಾಗಬಾರದು. ಮೊದಲ ಸಲ ಆಸ್ಪತ್ರೆಯಲ್ಲಿ ನರ್ಸ್ ಹತ್ತಿರ ಮಾಡಿಸಿ ನೋಡಿ ಕಲಿಯಿರಿ. ಪಿಜಿಯಲ್ಲಿ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವ ನಮ್ಮ ಹುಡುಗ ಹುಡುಗಿಯರು ಕನ್ನಡಿಯ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ. ಬೆಳಿಗ್ಗೆ ಟೇಪನ್ನು ನೀರಿನಿಂದ ನೆನೆಸಿ ನಿಧಾನವಾಗಿ ತೆಗೆಯಿರಿ.

ಇಲ್ಲಿ ಒಂದು ದೊಡ್ಡ ಎಚ್ಚರಿಕೆ. ಕಣ್ಣನ್ನು ಮುಚ್ಚದೆ ಅದರ ಮೇಲೆ ಹತ್ತಿಯನ್ನೋ ಬ್ಯಾಂಡೇಜ್ ಬಟ್ಟೆಯನ್ನೋ ಇಟ್ಟು ಕಟ್ಟಬೇಡಿ. ಒಳಗೆ ಕಣ್ಣು ತೆರೆದುಕೊಂಡು, ರಾತ್ರಿಯೆಲ್ಲ ಬಟ್ಟೆ ಕಾರ್ನಿಯಾವನ್ನು ಉಜ್ಜುತ್ತದೆ. ಕಾಪಾಡಲೆಂದು ಕಟ್ಟಿದ್ದೇ ಗಾಯ ಮಾಡುತ್ತದೆ. ಟೇಪು ಒಗ್ಗದವರಿಗೆ ಕಣ್ಣಿನ ಸುತ್ತ ತೇವ ಹಿಡಿದಿಡುವ ಪಾರದರ್ಶಕ ಮುಚ್ಚಳ ಸಿಗುತ್ತದೆ, ಅದನ್ನು ವೈದ್ಯರಲ್ಲಿ ಕೇಳಿ.

ಮಾಡಬಾರದ ಇನ್ನು ಕೆಲವು ಕೆಲಸಗಳಿವೆ. ಹರಳೆಣ್ಣೆ, ಜೇನುತುಪ್ಪ, ತಾಯಿಹಾಲು, ಪನ್ನೀರು, ಕಾಡಿಗೆ, ಇವು ಯಾವುದನ್ನೂ ಆ ಕಣ್ಣಿಗೆ ಹಾಕಬೇಡಿ. ಊರಿನಿಂದ ಅಜ್ಜಿ ಪ್ರೀತಿಯಿಂದ ಕಳಿಸಿದ್ದಾದರೂ ಬೇಡ. ಕಾವಲಿಲ್ಲದ ಕಣ್ಣಿಗೆ ಸೋಂಕು ಬೇಗ ತಗಲುತ್ತದೆ. ಅಂಗಡಿಯವರು ಕೊಟ್ಟ “ಕೆಂಪು ಹೋಗುವ ಹನಿ” ಕೂಡ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗಾಯದ ಸೋಂಕು ಹೆಚ್ಚುತ್ತದೆ. ನರಕ್ಕಾಗಿ ವೈದ್ಯರು ಕೊಡುವ ಸ್ಟೀರಾಯ್ಡ್ ಮಾತ್ರೆಯೇ ಬೇರೆ, ಕಣ್ಣಿಗೆ ನಾವಾಗಿ ಹಾಕಿಕೊಳ್ಳುವ ಸ್ಟೀರಾಯ್ಡ್ ಹನಿಯೇ ಬೇರೆ. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಹಾಗೆಯೇ, ಮುಖಕ್ಕೆ ವ್ಯಾಯಾಮ ಎಂದು ಕಣ್ಣನ್ನು ಬಲವಾಗಿ ಕಿವುಚುವುದರಿಂದ ಲಾಭವಿಲ್ಲ. ಕನ್ನಡಿಯ ಮುಂದೆ ನಿಧಾನವಾಗಿ ಮಾಡುವ ಚಲನೆಗಳನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಿರಿ.

ಯಾವ ಲಕ್ಷಣ ಕಂಡರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಓಡಬೇಕು? ಕಣ್ಣು ಕೆಂಪಾದರೆ, ನೋವು ಬಂದರೆ, ಮರಳು ಬಿದ್ದ ಹಾಗೆ ಚುಚ್ಚಿದರೆ, ಬೆಳಕು ನೋಡಲಾಗದಿದ್ದರೆ, ಒರೆಸಿದರೂ ಹನಿ ಹಾಕಿದರೂ ಮಂಜು ಹೋಗದಿದ್ದರೆ, ಕೀವು ಬಂದರೆ, ಕಪ್ಪು ಭಾಗದ ಮೇಲೆ ಬಿಳಿಯ ಚುಕ್ಕೆ ಕಂಡರೆ. ನಾಳೆ ಭಾನುವಾರ, ಸೋಮವಾರ ಹೋಗೋಣ ಎನ್ನಬೇಡಿ. ಆಸ್ಪತ್ರೆಯಲ್ಲಿ ಕಿತ್ತಳೆ ಬಣ್ಣದ ಒಂದು ಔಷಧಿ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗಾಯವಿದ್ದ ಕಡೆ ಹಸಿರಾಗಿ ಹೊಳೆಯುತ್ತದೆ. ಒಂದೆರಡು ನಿಮಿಷದ ಪರೀಕ್ಷೆ. ಕಿವಿಯಲ್ಲಿ ನೋವು, ಗುಳ್ಳೆಗಳು ಕಂಡರೆ ಅದು ಸರ್ಪಸುತ್ತಿನ ವೈರಾಣುವಿನ ಕೆಲಸ. ಅದಕ್ಕೆ ಬೇರೆ ಔಷಧಿ ಬೇಕು, ಅದನ್ನೂ ಕೂಡಲೇ ತೋರಿಸಿ.

ಒಂದು ಮಾತನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ನೋವಿಲ್ಲ ಎಂದ ಮಾತ್ರಕ್ಕೆ ಗಾಯವಿಲ್ಲ ಎಂದಲ್ಲ. ಕಣ್ಣಿಗೆ ನೋವು ತಿಳಿಸುವ ನರ ಬೇರೆಯೇ ಇದೆ. ಕೆಲವರಲ್ಲಿ ಅದೂ ಕೆಟ್ಟಿರುತ್ತದೆ. ಕಿವಿಯ ಒಳನರದ ಗೆಡ್ಡೆಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಹೀಗಾಗಬಹುದು. ಕುಷ್ಠರೋಗದಿಂದ ಗುಣವಾದ ಹಿರಿಯರಲ್ಲಿಯೂ ಮುಖದ ನರ ಮತ್ತು ಸ್ಪರ್ಶದ ನರ ಎರಡೂ ಸೋತಿರಬಹುದು, ಕೆಲವೊಮ್ಮೆ ಎರಡೂ ಕಣ್ಣುಗಳಲ್ಲಿ. ಇಂಥವರಿಗೆ ಕಣ್ಣಲ್ಲಿ ಹುಣ್ಣಾದರೂ ಗೊತ್ತಾಗುವುದಿಲ್ಲ. ಅವರು ದಿನಕ್ಕೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಕಣ್ಣು ಕೆಂಪಾಗಿದೆಯೇ, ಕಲೆ ಇದೆಯೇ ಎಂದು ನೋಡಿಕೊಳ್ಳಲೇಬೇಕು, ಮತ್ತು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹೋಗಬೇಕು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂಥ ಹಿರಿಯರಿದ್ದರೆ ಅವರ ಕಣ್ಣನ್ನು ನೀವು ನೋಡಿ.

ಊರಿನಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪ ಅಮ್ಮಂದಿರಿಗೆ ಇಲ್ಲಿಯ ಭಾಷೆ ಬಾರದೆ ವೈದ್ಯರ ಮುಂದೆ “ಲಕ್ವಾ” ಎಂಬ ಒಂದೇ ಮಾತು ಹೇಳಿ ಸುಮ್ಮನಾಗುವುದುಂಟು. ಆ ಮಾತಿನ ಜೊತೆಗೆ ಕಣ್ಣು ಮುಚ್ಚುತ್ತಿಲ್ಲ ಎಂಬುದನ್ನೂ ಹೇಳಲೇಬೇಕು. ಹಿಂದಿಯಲ್ಲಿ “ಆಂಖ್ ಬಂದ್ ನಹೀ ಹೋತೀ” ಎನ್ನಿ. ಮರಾಠಿಯಲ್ಲಿ “ಡೋಳಾ ಮಿಟತ್ ನಾಹೀ.” ತಮಿಳಿನಲ್ಲಿ “ಕಣ್ ಮೂಡ ಮುಡಿಯಲೈ.” ತೆಲುಗಿನಲ್ಲಿ “ಕನ್ನು ಮೂತ ಪಡಟಂ ಲೇದು.” ಈ ಒಂದು ವಾಕ್ಯ ವೈದ್ಯರ ಗಮನವನ್ನು ಬಾಯಿಯಿಂದ ಕಣ್ಣಿಗೆ ತಿರುಗಿಸುತ್ತದೆ. ಮಹಾನಗರದಲ್ಲಿರುವ ನಮಗೆ ಒಂದು ಅನುಕೂಲವೂ ಇದೆ. ಮುಂಬೈಯಲ್ಲಿ ಜೆ.ಜೆ. ಮತ್ತು ಕೆ.ಇ.ಎಂ., ಪುಣೆಯಲ್ಲಿ ಸಸೂನ್, ಹೈದರಾಬಾದಿನಲ್ಲಿ ಸರೋಜಿನಿ ದೇವಿ ಕಣ್ಣಾಸ್ಪತ್ರೆ, ದೆಹಲಿಯಲ್ಲಿ ಏಮ್ಸ್‌ನ ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ, ಚೆನ್ನೈಯಲ್ಲಿ 1819ರಲ್ಲಿ ಶುರುವಾದ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ, ಇವೆಲ್ಲ ಸರ್ಕಾರದ ಅಥವಾ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ದುಡ್ಡಿಲ್ಲವೆಂದು ಕಣ್ಣನ್ನು ಬಿಟ್ಟುಕೊಡುವ ಅಗತ್ಯವಿಲ್ಲ.

ಮುಖದ ಚಲನೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮರಳಲು ಶುರುವಾಗುತ್ತದೆ. ಮೂರು ತಿಂಗಳಾದರೂ ಏನೂ ಸುಧಾರಿಸದಿದ್ದರೆ ಬೇರೆ ಕಾರಣವಿದೆಯೇ ಎಂದು ಮತ್ತೆ ಪರೀಕ್ಷೆ ಆಗಬೇಕು. ಕಣ್ಣಿಗಾಗಿ ಆಗಲೂ ದಾರಿಗಳಿವೆ. ಕಾರ್ನಿಯಾ ಅಪಾಯದಲ್ಲಿದ್ದರೆ ರೆಪ್ಪೆಗಳ ಹೊರಮೂಲೆಗೆ ಹೊಲಿಗೆ ಹಾಕಿ ಸಂದಿ ಕಿರಿದಾಗಿಸುತ್ತಾರೆ. ಮೇಲ್ರೆಪ್ಪೆಯೊಳಗೆ ಸುಮಾರು ಒಂದು ಗ್ರಾಂ ತೂಕದ ಚಿನ್ನದ ಅಥವಾ ಪ್ಲಾಟಿನಂ ತುಣುಕು ಇಡುತ್ತಾರೆ. ಅದರ ಭಾರಕ್ಕೆ ರೆಪ್ಪೆ ತಾನೇ ಇಳಿದು ಮುಚ್ಚುತ್ತದೆ. ನಮ್ಮ ಹೆಂಗಸರು ಕಿವಿ ಮೂಗಿಗೆ ಚಿನ್ನ ಇಡುತ್ತಾರೆ, ಇದು ಕಣ್ಣು ಉಳಿಸುವ ಚಿನ್ನ. ಆದರೆ ಇದು ಭಾರದಿಂದ ಕೆಲಸ ಮಾಡುವುದರಿಂದ, ಅಂಗಾತ ಮಲಗಿದಾಗ ಅಷ್ಟು ಉಪಯೋಗವಾಗುವುದಿಲ್ಲ. ಅವರಿಗೂ ರಾತ್ರಿಯ ಮುಲಾಮು ಬೇಕಾಗಬಹುದು. ಜೋತುಬಿದ್ದ ಕೆಳರೆಪ್ಪೆಯನ್ನು ಬಿಗಿಮಾಡುವ ಶಸ್ತ್ರಚಿಕಿತ್ಸೆಯೂ ಇದೆ.

ಗುಣವಾಗುವಾಗ ಕೆಲವರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಊಟಕ್ಕೆ ಕೂತರೆ ಆ ಕಣ್ಣಲ್ಲಿ ನೀರು ಬರುತ್ತದೆ, ನಕ್ಕರೆ ಕಣ್ಣು ಕಿರಿದಾಗುತ್ತದೆ. ಮತ್ತೆ ಬೆಳೆದ ನರದ ಎಳೆಗಳು ದಾರಿ ತಪ್ಪಿ ಬೇರೆ ಮನೆ ಸೇರಿದ್ದರಿಂದ ಹೀಗಾಗುತ್ತದೆ. ಊಟದ ಹೊತ್ತಿನ ಈ ನೀರಿಗೆ ವೈದ್ಯರೂ ಮೊಸಳೆ ಕಣ್ಣೀರು ಎಂದೇ ಹೆಸರಿಟ್ಟಿದ್ದಾರೆ. ಹೆದರಬೇಕಾಗಿಲ್ಲ, ಇದಕ್ಕೂ ಚಿಕಿತ್ಸೆ ಇದೆ.

ಕೊನೆಗೆ, ಮನೆಯವರಿಗೊಂದು ಮಾತು. ಮುಖ ಸೊಟ್ಟಗಾದವರು ಕನ್ನಡಿಯಿಂದ ಮುಖ ತಿರುಗಿಸುತ್ತಾರೆ, ಜನರಿಂದ ದೂರವಾಗುತ್ತಾರೆ. ಹನಿ ಹಾಕಬೇಕಾದರೂ ಟೇಪು ಅಂಟಿಸಬೇಕಾದರೂ ಕನ್ನಡಿ ಬೇಕು, ಆ ಕನ್ನಡಿಯೇ ಅವರಿಗೆ ಬೇಡವಾಗಿರುತ್ತದೆ. ಹಾಗಾಗಿ ಪಕ್ಕದಲ್ಲಿ ಒಬ್ಬರು ಬೇಕು. ಗಂಟೆಗೊಮ್ಮೆ ಹನಿ ನೆನಪಿಸಲು, ರಾತ್ರಿ ಟೇಪು ಅಂಟಿಸಲು, ನಿದ್ದೆಯಲ್ಲಿ ಒಮ್ಮೆ ನೋಡಲು. “ಬಾಯಿ ಎಷ್ಟು ಸರಿಹೋಯಿತು?” ಎಂದು ದಿನವೂ ಕೇಳುವ ಬದಲು, “ಕಣ್ಣಿಗೆ ಹನಿ ಹಾಕಿಕೊಂಡೆಯಾ?” ಎಂದು ಕೇಳಿ.

ಇಷ್ಟನ್ನು ನೆನಪಿಟ್ಟುಕೊಳ್ಳಿ. ಮುಖ ಸೋತ ದಿನವೇ ವೈದ್ಯರು. ಹಗಲು ಹನಿ, ಕನ್ನಡಕ, ಬೆರಳಿನಿಂದ ರೆಪ್ಪೆ ಇಳಿಸುವುದು. ರಾತ್ರಿ ಮುಲಾಮು, ಟೇಪು. ತೆರೆದ ಕಣ್ಣಿನ ಮೇಲೆ ಬಟ್ಟೆ ಕಟ್ಟಬಾರದು, ಮನೆಮದ್ದು ಹಾಕಬಾರದು. ಕೆಂಪು, ನೋವು, ಮಂಜು ಕಂಡರೆ ಅದೇ ದಿನ ಕಣ್ಣಿನ ವೈದ್ಯರು. ನರ ಚೇತರಿಸಿಕೊಂಡು ರೆಪ್ಪೆ ತನ್ನ ಕೆಲಸಕ್ಕೆ ಮರಳಿ ಬರುವ ತನಕ, ಆ ಕೆಲಸವನ್ನು ನಮ್ಮ ಕೈ ಮಾಡಬೇಕು.

ನಿಮ್ಮೆಲ್ಲರ ಕಣ್ಣು ತಣ್ಣಗಿರಲಿ.